ಪಂಪು ಎಳೆಯುವುದಿಲ್ಲ

ಹಳೆಯ ನಿರ್ವಾತ ಪಂಪು ಕೊಳ್ಳುವವರು ಮೊದಲು ನೋಡಬೇಕಾದದ್ದು ಅದರ ಎಣ್ಣೆಯನ್ನು. ಮೈಮೇಲಿನ ತುಕ್ಕು, ಎದ್ದುಹೋದ ಬಣ್ಣ, ಸವೆದ ಬೆಲ್ಟು ಎಲ್ಲ ಆಮೇಲಿನ ಮಾತು. ಪಂಪಿನ ಪಕ್ಕದಲ್ಲಿ ರೂಪಾಯಿ ನಾಣ್ಯದಷ್ಟು ಅಗಲದ ಗಾಜಿನ ಕಿಂಡಿಯೊಂದು ಇರುತ್ತದೆ. ಅದರೊಳಗೆ ಎಣ್ಣೆ ತಿಳಿಹಳದಿಯಾಗಿ ಕಂಡರೆ ಅದನ್ನು ಯಾರೋ ಅಕ್ಕರೆಯಿಂದ ನೋಡಿಕೊಂಡಿದ್ದಾರೆ. ಕಪ್ಪಾಗಿದ್ದರೆ ಬಿಸಿಗೆ ಕೆಟ್ಟಿದೆ. ಬೆಳ್ಳಗೆ ಕದಡಿದ್ದರೆ ನೀರು ಸೇರಿದೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಒಳಗಲ್ಲಿಯ ಗುಜರಿ ಅಂಗಡಿಯೊಂದರಲ್ಲಿ ನನಗೆ ಸಿಕ್ಕ ಪಂಪಿನ ಕಿಂಡಿ ಪೂರ್ತಿ ಬೆಳ್ಳಗಿತ್ತು. ಅದು ಮುಚ್ಚಿಹೋದ ಫ್ರಿಜ್ ರಿಪೇರಿ ಅಂಗಡಿಯೊಂದರಿಂದ ಬಂದದ್ದು ಎಂದು ಗುಜರಿಯ ಯಜಮಾನರು ಹೇಳಿದಾಗ ಸಮಾಧಾನವಾಯಿತು. ಫ್ರಿಜ್ಜಿನ ಕೊಳವೆಗಳಿಂದ ಹೀರಿದ ತೇವವೇ ಎಣ್ಣೆಗೆ ಸೇರಿದೆ. ಕಾಯಿಲೆ ಗೊತ್ತಾದ ಮೇಲೆ ಮದ್ದು ಕಷ್ಟವಲ್ಲ.

ಎಲ್ಲಿಂದ ಬಂದದ್ದು ಎಂಬ ಪ್ರಶ್ನೆಯನ್ನು ಸಂಕೋಚವಿಲ್ಲದೆ ಕೇಳಬೇಕು. ರಸಾಯನ ಪ್ರಯೋಗಾಲಯದಲ್ಲಿ ದುಡಿದ ಪಂಪಿನ ಎಣ್ಣೆಯಲ್ಲಿ ಏನೇನು ಕರಗಿದೆಯೋ ಹೇಳಲಾಗದು. ನಿಯಾನ್ ದೀಪದ ಫಲಕ ಮಾಡುವವರ ಕೈಯಲ್ಲಿದ್ದ ಪಂಪಿನೊಳಗೆ ಪಾದರಸ ಉಳಿದಿರಬಹುದು. ಅಂಥದ್ದನ್ನು ಮನೆಯೊಳಗೆ ಬಿಟ್ಟುಕೊಳ್ಳಬಾರದು, ಎಷ್ಟೇ ಅಗ್ಗಕ್ಕೆ ಬಂದರೂ.

ಅಂಗಡಿಯಲ್ಲೇ ಇನ್ನೊಂದು ಪರೀಕ್ಷೆ ಮಾಡಬಹುದು, ಅದಕ್ಕೆ ಕರೆಂಟು ಬೇಕಿಲ್ಲ. ಪುಲ್ಲಿಯ ಮೇಲೆ ಅಚ್ಚಾಗಿರುವ ಬಾಣದ ಗುರುತಿನ ದಿಕ್ಕಿಗೆ ಅದನ್ನು ಕೈಯಿಂದ ನಿಧಾನವಾಗಿ ತಿರುಗಿಸಬೇಕು. ಒಳಗೆ ಕರಕರ ಸದ್ದಿಲ್ಲದೆ, ಎಲ್ಲೂ ಸಿಕ್ಕಿಕೊಳ್ಳದೆ ಅದು ತಿರುಗಬೇಕು. ಆಮೇಲೆ ಗಾಳಿ ಒಳಹೋಗುವ ಬಾಯಿಗೆ ಹೆಬ್ಬೆರಳು ಒತ್ತಿ ಮತ್ತೆರಡು ಸುತ್ತು. ಬೆರಳಿನ ಚರ್ಮ ಬಾಯಿಯೊಳಕ್ಕೆ ಉಬ್ಬಿಕೊಂಡು, ಕೈ ತೆಗೆದಾಗ ಟಪ್ ಎಂದು ಬಿಟ್ಟುಕೊಂಡರೆ ಪಂಪಿಗೆ ಇನ್ನೂ ಜೀವವಿದೆ. ನನ್ನದಕ್ಕೆ ಇತ್ತು. ಇಪ್ಪತ್ತೈದು ಕಿಲೋ ತೂಗುವ ಆ ಎರಕದ ಕಬ್ಬಿಣವನ್ನು ಅದರ ಅರ್ಧ ಅಶ್ವಶಕ್ತಿಯ ಮೋಟಾರಿನ ಸಮೇತ ಆಟೋದಲ್ಲಿ ಮನೆಗೆ ತಂದೆ.

ಇಷ್ಟು ಆಸೆ ಯಾಕೆ ಎಂದರೆ, ನಾನು ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿದವನು. ಗಂಟೆಯ ಮೇಲೆ ಗಾಜಿನ ಜಾಡಿ ಬೋರಲು ಹಾಕಿ ಗಾಳಿ ತೆಗೆದರೆ ಸದ್ದು ಅಡಗುತ್ತದೆ, ಗಾಳಿಯಿಲ್ಲದ ಕಡೆ ಗರಿಯೂ ನಾಣ್ಯವೂ ಒಟ್ಟಿಗೇ ಬೀಳುತ್ತವೆ, ಒತ್ತಡ ಇಳಿದರೆ ನೀರು ತಣ್ಣಗಿದ್ದೇ ಕುದಿಯುತ್ತದೆ ಎಂದೆಲ್ಲ ಬೋರ್ಡಿನ ಮೇಲೆ ಚಿತ್ರ ಬರೆದು ವಿವರಿಸಿದ್ದೇನೆ. ಮಕ್ಕಳು ನಂಬಿ ಬರೆದುಕೊಂಡರು, ಅಂಕವನ್ನೂ ಪಡೆದರು. ಆದರೆ ನಂಬುವುದು ಬೇರೆ, ಕಾಣುವುದು ಬೇರೆ. ಈ ಮೂರನ್ನೂ ಮನೆಯ ಮೇಜಿನ ಮೇಲೆ ನಾನೂ ಕಾಣಬೇಕು, ಓಣಿಯ ಮಕ್ಕಳಿಗೂ ಕಾಣಿಸಬೇಕು ಎಂಬ ಆಸೆ ಬಹಳ ಹಿಂದಿನದು.

ಪಂಪಿನ ಒಳಗನ್ನು ಬಿಚ್ಚಿ ನೋಡಿದಾಗ ಅದರ ಸರಳತೆಗೆ ತಲೆದೂಗಿದೆ. ನುಣುಪಾಗಿ ಕೊರೆದ ಒಂದು ದುಂಡನೆಯ ಕೋಣೆ. ಅದರೊಳಗೆ ನಡುವಿನಲ್ಲಿ ನಿಲ್ಲದೆ ಒಂದು ಬದಿಗೆ ತಾಗಿಕೊಂಡು ತಿರುಗುವ ಉರುಳೆ. ಉರುಳೆಯಲ್ಲಿ ಸೀಳು, ಸೀಳಿನಲ್ಲಿ ಸ್ಪ್ರಿಂಗಿನ ಬಲದಿಂದ ಹೊರಚಾಚಿ ಗೋಡೆಯನ್ನು ಸವರುತ್ತ ಹೋಗುವ ಎರಡು ಹಲಗೆಗಳು. ಮೆಕ್ಯಾನಿಕ್‌ಗಳು ಅವನ್ನು ವೇನ್ ಎನ್ನುತ್ತಾರೆ. ಉರುಳೆ ತಿರುಗಿದಂತೆ ಹಲಗೆಯ ಹಿಂದಿನ ಜಾಗ ಹಿಗ್ಗುತ್ತದೆ, ಮುಂದಿನ ಜಾಗ ಕುಗ್ಗುತ್ತದೆ. ಹಿಗ್ಗಿದ ಜಾಗಕ್ಕೆ ಪಾತ್ರೆಯ ಗಾಳಿ ಬಂದು ತುಂಬುತ್ತದೆ. ಮುಂದಿನ ಹಲಗೆ ಬಂದು ಆ ಗಾಳಿಯನ್ನು ಕತ್ತರಿಸಿಕೊಂಡು, ಹಿಂಡಿ, ಎಣ್ಣೆಯಲ್ಲಿ ಮುಳುಗಿದ ಕವಾಟದ ಮೂಲಕ ಹೊರಗೆ ತಳ್ಳುತ್ತದೆ. ಎಣ್ಣೆ ಇಲ್ಲಿ ಸವೆತ ತಡೆಯುವುದಷ್ಟೇ ಅಲ್ಲ, ಹಲಗೆಗೂ ಗೋಡೆಗೂ ನಡುವಿನ ಕೂದಲೆಳೆಯ ಸಂದನ್ನು ಮುಚ್ಚುತ್ತದೆ. ಇಂಥ ಎರಡು ಕೋಣೆಗಳನ್ನು ಒಂದರ ಹಿಂದೆ ಒಂದು ಜೋಡಿಸಿದರೆ ಎರಡು ಹಂತದ ಪಂಪು.

ಇದನ್ನೆಲ್ಲ ನೋಡಿದಾಗ ಒಂದು ಮಾತು ಮನಸ್ಸಿನಲ್ಲಿ ಗಟ್ಟಿಯಾಯಿತು: ಪಂಪು ಗಾಳಿಯನ್ನು ಎಳೆಯುವುದಿಲ್ಲ. ಎಳೆಯಲು ಅದಕ್ಕೆ ಹಿಡಿಯೇ ಇಲ್ಲ. ಗಾಳಿಯ ಅಣುಗಳಿಗೆ ಕೊಕ್ಕೆ ಹಾಕಿ ಯಾರೂ ಎಳೆಯಲಾರರು. ಪಂಪು ಮಾಡುವುದು ಜಾಗವನ್ನು. ನಿಲ್ದಾಣದಲ್ಲಿ ತುಂಬಿದ ಬಸ್ಸಿನ ಬಾಗಿಲು ತೆರೆದರೆ ಜನ ತಾವೇ ಇಳಿಯುವಂತೆ, ಅಣುಗಳು ತಮ್ಮ ಓಟದಿಂದಲೇ ಆ ಹೊಸ ಜಾಗಕ್ಕೆ ನುಗ್ಗುತ್ತವೆ. ಪಂಪು ಹಿಂದಿನಿಂದ ಬಾಗಿಲು ಹಾಕಿಕೊಳ್ಳುತ್ತದೆ, ಅಷ್ಟೇ. ಪ್ರತಿ ಸುತ್ತಿಗೂ ಅದು ಹೊರಹಾಕುವುದು ಉಳಿದದ್ದರ ಒಂದು ಪಾಲನ್ನು. ಆದ್ದರಿಂದ ಗಾಳಿ ಅರ್ಧವಾಗಿ, ಕಾಲಾಗಿ, ಅರೆಕಾಲಾಗಿ ಇಳಿಯುತ್ತ ಹೋಗುತ್ತದೆಯೇ ಹೊರತು ಸೊನ್ನೆಯನ್ನು ಎಂದೂ ಮುಟ್ಟುವುದಿಲ್ಲ. ಒಳ್ಳೆಯ ಸ್ಥಿತಿಯಲ್ಲಿರುವ ಎರಡು ಹಂತದ ಪಂಪು ಒತ್ತಡವನ್ನು 0.01 ಮಿಲಿಬಾರಿಗೆ, ಎಂದರೆ ನಾವು ಉಸಿರಾಡುವ ಗಾಳಿಯ ಲಕ್ಷದಲ್ಲಿ ಒಂದು ಪಾಲಿಗೆ, ಇಳಿಸಬಲ್ಲದು. ಆಗಲೂ ಒಂದು ಘನ ಸೆಂಟಿಮೀಟರಿನಲ್ಲಿ ಸುಮಾರು 240 ಲಕ್ಷ ಕೋಟಿ ಅಣುಗಳು ಉಳಿದಿರುತ್ತವೆ. ಆದರೆ ಅವುಗಳ ಬದುಕು ಬದಲಾಗಿರುತ್ತದೆ. ಹೊರಗಿನ ಗಾಳಿಯಲ್ಲಿ ಒಂದು ಅಣು ಇನ್ನೊಂದಕ್ಕೆ ಡಿಕ್ಕಿ ಹೊಡೆಯದೆ ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಪಾಲೂ ಸಾಗಲಾರದು. ಇಲ್ಲಿ ಏಳು ಮಿಲಿಮೀಟರಿನಷ್ಟು ದೂರ ತಡೆಯಿಲ್ಲದೆ ಓಡುತ್ತದೆ.

ಮೊದಲ ಗಾಳಿ ಪಂಪನ್ನು 1650ರ ಸುಮಾರಿಗೆ ಮಾಡಿದವರು ಜರ್ಮನಿಯ ಮ್ಯಾಗ್ಡೆಬರ್ಗ್ ಪಟ್ಟಣದ ಮೇಯರ್ ಆಟೋ ಫಾನ್ ಗೆರಿಕೆ. ಅವರು ಮೊದಲು ಮರದ ಪೀಪಾಯಿಗೆ ನೀರು ತುಂಬಿ, ಆ ನೀರನ್ನು ಹೊರತೆಗೆದರು. ಮರದ ಸಂದುಗಳಿಂದ ಗಾಳಿ ಸುಯ್ ಎಂದು ಒಳನುಗ್ಗಿತು. ಆಮೇಲೆ ತಾಮ್ರದ ಗೋಳ ತಂದರು. ಗಾಳಿ ತೆಗೆಯುತ್ತಿದ್ದಂತೆ ಅದು ದೊಡ್ಡ ಸದ್ದಿನೊಂದಿಗೆ ಒಳಕ್ಕೆ ಮುದ್ದೆಯಾಯಿತು. ಇನ್ನೂ ದುಂಡಗೆ, ಇನ್ನೂ ಗಟ್ಟಿಯಾಗಿ ಮಾಡಿಸಿದ ಗೋಳ ತಡೆದುಕೊಂಡಿತು. 1657ರಲ್ಲಿ ಮ್ಯಾಗ್ಡೆಬರ್ಗಿನಲ್ಲಿ ಎರಡು ಅರ್ಧಗೋಳಗಳನ್ನು ಬಾಯಿಗೆ ಬಾಯಿ ಸೇರಿಸಿ, ಒಳಗಿನ ಗಾಳಿ ತೆಗೆದು, ಒಂದೊಂದು ಬದಿಗೆ ಎಂಟೆಂಟರಂತೆ ಹದಿನಾರು ಕುದುರೆಗಳನ್ನು ಕಟ್ಟಿ ಎಳೆಸಿದರು. ಅರ್ಧ ಮೀಟರ್ ಅಗಲದ ಗೋಳವಾದರೆ ಗಾಳಿ ಅದನ್ನು ಸುಮಾರು ಎರಡು ಟನ್ ಬಲದಿಂದ ಒತ್ತಿ ಹಿಡಿದಿರುತ್ತದೆ. ಒಂದು ಬದಿಯನ್ನು ಗೋಡೆಗೆ ಬಿಗಿದು ಇನ್ನೊಂದು ಬದಿಗೆ ಎಂಟು ಕುದುರೆ ಕಟ್ಟಿದ್ದರೂ ಗೋಳಕ್ಕೆ ಬೀಳುವ ಸೆಳೆತ ಅಷ್ಟೇ. ಇದನ್ನು ತರಗತಿಯಲ್ಲಿ ಕೇಳಿದರೆ ಒಳ್ಳೆಯ ವಿದ್ಯಾರ್ಥಿಗಳೂ ಒಂದು ಗಳಿಗೆ ಯೋಚಿಸುತ್ತಾರೆ.

ಗೆರಿಕೆಯ ಸುದ್ದಿ ಇಂಗ್ಲೆಂಡಿನ ರಾಬರ್ಟ್ ಬಾಯ್ಲ್ ಅವರನ್ನು ಮುಟ್ಟಿತು. ಅವರ ಸಹಾಯಕ, ಕೈಚಳಕದ ತರುಣ ರಾಬರ್ಟ್ ಹುಕ್, 1659ರಲ್ಲಿ ಇನ್ನೂ ಉತ್ತಮವಾದ ಪಂಪು ಕಟ್ಟಿಕೊಟ್ಟರು. ಮಾರನೆಯ ವರ್ಷವೇ ಬಾಯ್ಲ್ 43 ಪ್ರಯೋಗಗಳ ಪುಸ್ತಕ ಹೊರತಂದರು. ಅಲ್ಲಿಂದ ಮುಂದೆ ಪಂಪು ಸುಧಾರಿಸಿದಾಗಲೆಲ್ಲ ವಿಜ್ಞಾನಕ್ಕೆ ಒಂದೊಂದು ಬಾಗಿಲು ತೆರೆಯಿತು. 1865ರ ಸ್ಪ್ರೆಂಗೆಲ್ ಪಂಪು ಇಲ್ಲದಿದ್ದರೆ ಎಡಿಸನ್ನರ ದೀಪದ ತಂತು ಕ್ಷಣದಲ್ಲಿ ಉರಿದುಹೋಗುತ್ತಿತ್ತು. 1895ರಲ್ಲಿ ರಾಂಟ್‌ಜನ್ ಎಕ್ಸ್ ಕಿರಣ ಕಂಡದ್ದು, 1897ರಲ್ಲಿ ಜೆ.ಜೆ. ಥಾಮ್ಸನ್ ಎಲೆಕ್ಟ್ರಾನನ್ನು ಗುರುತಿಸಿದ್ದು ಗಾಳಿ ತೆಗೆದ ಗಾಜಿನ ಕೊಳವೆಗಳಲ್ಲೇ. ಆ ಹೆಸರುಗಳ ಹಿಂದೆ, ಹಗಲಿಡೀ ಪಂಪಿನ ಮುಂದೆ ಕೂತು ಸೋರುವ ಕೀಲುಗಳನ್ನು ಮುಚ್ಚಿದ ಕೈಗಳಿವೆ. ಹಳೆಯ ಪಂಪನ್ನು ದುರಸ್ತಿ ಮಾಡುವಾಗ ಆ ಕೈಗಳ ಮೇಲೆ ನನಗೆ ಗೌರವ ಹೆಚ್ಚಿತು.

ದುರಸ್ತಿ ಎಂದರೆ ಮುಖ್ಯವಾಗಿ ಎಣ್ಣೆಯ ಆರೈಕೆ. ಪಂಪನ್ನು ಸ್ವಲ್ಪ ಹೊತ್ತು ಓಡಿಸಿ, ಬೆಚ್ಚಗಾದ ಮೇಲೆ ತಳದ ಬಿರಡೆ ಬಿಚ್ಚಿ ಹಳೆಯದನ್ನು ಇಳಿಸಬೇಕು. ಬಿಸಿ ಎಣ್ಣೆ ತಳದ ಕಸವನ್ನೂ ಜೊತೆಗೆ ತರುತ್ತದೆ. ಹೊಸದನ್ನು ತುಂಬಿ ಓಡಿಸಿ ಅದನ್ನೂ ಇಳಿಸಬೇಕು. ಇಳಿದದ್ದು ತಿಳಿಯಾಗಿ ಬರುವವರೆಗೂ ಇದೇ ಕೆಲಸ. ಬೈಕಿನ ಎಂಜಿನ್ ಆಯಿಲ್ ಇಲ್ಲಿ ಸಲ್ಲದು. ಅದಕ್ಕೆ ಬೆರೆಸಿದ ವಸ್ತುಗಳು ಕಡಿಮೆ ಒತ್ತಡದಲ್ಲಿ ಆವಿಯಾಗಿ ಪಾತ್ರೆಗೇ ಮರಳುತ್ತವೆ. ನಿರ್ವಾತ ಪಂಪಿಗೆಂದೇ ಆವಿಯಾಗದ ಎಣ್ಣೆ ಸಿಗುತ್ತದೆ, ಏಸಿ ಸಾಮಾನಿನ ಅಂಗಡಿಗಳಲ್ಲಿ ಕೇಳಿದರೆ ಕೊಡುತ್ತಾರೆ. ಇಳಿಸಿದ ಹಳೆಯ ಎಣ್ಣೆಯನ್ನು ಮೋರಿಗೆ ಚೆಲ್ಲದೆ ಡಬ್ಬದಲ್ಲಿ ಕೂಡಿಟ್ಟು, ಗ್ಯಾರೇಜುಗಳಿಂದ ಹಳೆ ಆಯಿಲ್ ಒಯ್ಯುವವರಿಗೆ ಒಪ್ಪಿಸಿದೆ.

ಪಂಪಿನ ತಲೆಯ ಮೇಲೊಂದು ಪುಟ್ಟ ತಿರುಪು ಇದೆ. ಗ್ಯಾಸ್ ಬ್ಯಾಲಸ್ಟ್ ಎಂಬ ಈ ಉಪಾಯ 1935ರಲ್ಲಿ ಜರ್ಮನಿಯ ವೋಲ್ಫ್‌ಗಾಂಗ್ ಗೇಡೆ ಅವರಿಗೆ ಹೊಳೆದದ್ದು. ನೀರಾವಿಯನ್ನು ಹಿಂಡಿದರೆ ಅದು ಹೊರಹೋಗುವ ಮೊದಲೇ ನೀರಾಗಿ ಎಣ್ಣೆಗೆ ಬೀಳುತ್ತದೆ. ಹಿಂಡುವ ಗಳಿಗೆಯಲ್ಲಿ ಹೊರಗಿನಿಂದ ತುಸು ಒಣ ಗಾಳಿಯನ್ನು ಬಿಟ್ಟರೆ, ಆವಿ ನೀರಾಗುವ ಮೊದಲೇ ಕವಾಟ ತೆರೆದು ಎರಡೂ ಒಟ್ಟಿಗೆ ಆಚೆ ಹೋಗುತ್ತವೆ. ಗಾಳಿ ತೆಗೆಯುವ ಯಂತ್ರಕ್ಕೆ ಬೇಕೆಂದೇ ಗಾಳಿ ಬಿಡುವ ಈ ಯೋಚನೆಯನ್ನು ನಾನು ಮೆಚ್ಚಿದಷ್ಟು ದೊಡ್ಡ ದೊಡ್ಡ ಸೂತ್ರಗಳನ್ನೂ ಮೆಚ್ಚಿಲ್ಲ. ಆ ತಿರುಪನ್ನು ಸಡಿಲಿಸಿ ಗಂಟೆಗಟ್ಟಲೆ ಓಡಿಸಿದಾಗ ನನ್ನ ಪಂಪಿನ ಕಿಂಡಿ ತಾನಾಗಿ ತಿಳಿಯಾಗುತ್ತ ಬಂತು. ಹೊರಬಾಯಿಂದ ಎಣ್ಣೆಯ ಮಂಜು ಸಣ್ಣಗೆ ಹೊಗೆಯಾಡುತ್ತದೆ. ಅದು ಶ್ವಾಸಕ್ಕೆ ಹಿತವಲ್ಲ, ಪೈಪು ಜೋಡಿಸಿ ಕಿಟಕಿಯಾಚೆ ಬಿಡಬೇಕು. ಮೋಟಾರಿಗೆ ಮೂರು ಪಿನ್ನಿನ ಪ್ಲಗ್ಗು, ಸರಿಯಾದ ಅರ್ಥಿಂಗ್, ಬೆಲ್ಟಿನ ಮೇಲೆ ಜಾಲರಿ ಇವಿಷ್ಟು ಇಲ್ಲದೆ ಮಕ್ಕಳನ್ನು ಹತ್ತಿರ ಬಿಡಬಾರದು.

ಪಾತ್ರೆಯ ಆಯ್ಕೆಯಲ್ಲಿ ಇನ್ನೂ ಎಚ್ಚರ ಬೇಕು. ಉಪ್ಪಿನಕಾಯಿಯ ಭರಣಿ, ಗಾಜಿನ ದೊಡ್ಡ ಬಾಟಲಿ ಇವು ಎಷ್ಟು ದಪ್ಪವಾಗಿ ಕಂಡರೂ ಉಪಯೋಗಿಸಬಾರದು. ಕಣ್ಣಿಗೆ ಕಾಣದ ಗೀರಿನಿಂದ ಗಾಜು ಒಳಕ್ಕೆ ಸಿಡಿದರೆ ಚೂರುಗಳು ಎದುರು ಬದಿಯಿಂದ ಹೊರಗೆ ಹಾರುತ್ತವೆ. ನಾನು ಹಿಡಿದದ್ದು ಹೊರಮುಚ್ಚಳದ, ದುಂಡುಬಾಯಿಯ ದಪ್ಪನೆಯ ಪ್ರೆಷರ್ ಕುಕ್ಕರನ್ನು. ಸಮತಟ್ಟಾದ ಗಾಜಿನ ಮೇಲೆ ಎಮರಿ ಕಾಗದ ಹಾಸಿ ಅದರ ಅಂಚನ್ನು ತಿಕ್ಕಿ ಮಟ್ಟ ಮಾಡಿದೆ. ಲೇತ್ ಅಂಗಡಿಯಲ್ಲಿ ಪಕ್ಕಕ್ಕೆ ಹಿತ್ತಾಳೆಯ ನಿಪ್ಪಲ್ ಕೂರಿಸಿಕೊಟ್ಟರು. ಮೇಲೆ ಸಿಲಿಕೋನ್ ರಬ್ಬರಿನ ಉಂಗುರ, ಅದರ ಮೇಲೆ 25 ಮಿಲಿಮೀಟರ್ ದಪ್ಪದ ಅಕ್ರಿಲಿಕ್ ಹಲಗೆ. ತಿರುಪು ಬೇಡ, ಕೊಂಡಿ ಬೇಡ. ಪಂಪು ಓಡಿದ ಕೂಡಲೇ ಗಾಳಿಯೇ ಮುಚ್ಚಳವನ್ನು ಒತ್ತಿ ಹಿಡಿಯುತ್ತದೆ. 22 ಸೆಂಟಿಮೀಟರ್ ಅಗಲದ ಆ ಮುಚ್ಚಳದ ಮೇಲೆ ಬೆಂಗಳೂರಿನ ಗಾಳಿ ಹೇರುವ ಭಾರ ಸುಮಾರು 350 ಕಿಲೋ. ಹೋಸ್ ಪೈಪೂ ದಪ್ಪ ಗೋಡೆಯದೇ ಆಗಬೇಕು, ತೋಟಕ್ಕೆ ನೀರು ಬಿಡುವ ಪೈಪು ಚಪ್ಪಟೆಯಾಗಿ ಅಂಟಿಕೊಳ್ಳುತ್ತದೆ. ಇಷ್ಟೆಲ್ಲ ಆದ ಮೇಲೂ ನೋಡುವವರಿಗೆ ಕನ್ನಡಕ, ನಡುವೆ ಒಂದು ಪಾಲಿಕಾರ್ಬೊನೇಟ್ ತಡಿಕೆ.

ಈಗ ಮುಳ್ಳಿನ ಮಾತು. ಏಸಿ ಮೆಕ್ಯಾನಿಕ್‌ಗಳು ಬಳಸುವ ಗೇಜನ್ನೇ ನಾನೂ ಹಾಕಿದ್ದೆ. ಅದರಲ್ಲಿ ನಿರ್ವಾತದ ಕಡೆ 30 ಅಂಗುಲದವರೆಗೆ ಗೆರೆಗಳಿವೆ. ಪಾದರಸದ ಕಂಬದ ಲೆಕ್ಕ ಅದು. ಪಂಪು ಓಡಿದಾಗ ಮುಳ್ಳು ಸರಸರ ಇಳಿದು 27ರ ಹತ್ತಿರ ನಿಂತಿತು. ಎಷ್ಟು ಹೊತ್ತು ಕಾದರೂ ಅಲ್ಲಿಂದ ಕದಲಲಿಲ್ಲ. ಜೊತೆಗಿದ್ದ ನಮ್ಮ ಓಣಿಯ ಏಸಿ ಮೆಕ್ಯಾನಿಕ್, "ಮೇಷ್ಟ್ರೇ, ಪಂಪು ಜೋರಾಗೇ ಇದೆ. ನಮ್ಮೂರಲ್ಲಿ ಇಪ್ಪತ್ತೇಳು ಬಂದ್ರೆ ಮುಗೀತು, ಅದರ ಕೆಳಗೆ ಹೋಗಲ್ಲ" ಎಂದ. ಅವನು ಹೇಳಿದ್ದು ಅನುಭವದಿಂದ, ಮತ್ತು ಅದು ನೂರಕ್ಕೆ ನೂರು ನಿಜ.

ಇಂಥ ಗೇಜು ಅಳೆಯುವುದು ಒಳಗಿನ ಒತ್ತಡಕ್ಕೂ ಹೊರಗಿನ ಒತ್ತಡಕ್ಕೂ ಇರುವ ಅಂತರವನ್ನು. ಒಳಗೆ ಏನೂ ಇಲ್ಲದಂತಾದರೆ ಮುಳ್ಳು ತೋರಿಸುವುದು ಹೊರಗಿನ ಗಾಳಿಯ ಪೂರ್ತಿ ಭಾರವನ್ನೇ. ಬೆಂಗಳೂರು ಸಮುದ್ರಮಟ್ಟದಿಂದ 920 ಮೀಟರ್ ಮೇಲಿದೆ. ಅಷ್ಟು ಎತ್ತರದ ಗಾಳಿಯ ಪದರ ನಮ್ಮ ಕಾಲ ಕೆಳಗೇ ಉಳಿದುಬಿಟ್ಟಿದೆ. ಸಮುದ್ರತೀರದಲ್ಲಿ 760 ಮಿಲಿಮೀಟರ್ ಪಾದರಸವನ್ನು ಎತ್ತಿ ಹಿಡಿಯುವ ಗಾಳಿ ಇಲ್ಲಿ ಸುಮಾರು 685 ಮಿಲಿಮೀಟರನ್ನಷ್ಟೇ ಎತ್ತುತ್ತದೆ. ಅದೇ 27 ಅಂಗುಲ. ನೀರು ನಮ್ಮ ಅಡುಗೆಮನೆಯಲ್ಲಿ 100 ಡಿಗ್ರಿಗೆ ಬದಲು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುವುದಕ್ಕೂ ಇದೇ ಕಾರಣ. ಪಂಪಿನ ದೌರ್ಬಲ್ಯ ಎಂದು ಓದಬಹುದಾಗಿದ್ದ ಅಂಕಿ ನಾವು ಬದುಕುವ ನೆಲದ ಎತ್ತರವನ್ನು ಹೇಳುತ್ತಿತ್ತು.

ಮಂಗಳೂರಿನಲ್ಲಿರುವ ಅಕ್ಕನ ಮಗ ಆ ವಾರ ಬಂದಿದ್ದ. ಗೇಜನ್ನು ಬಿಚ್ಚಿ ಅವನ ಚೀಲಕ್ಕೆ ಹಾಕಿ ಕಳಿಸಿದೆ. ಶಿರಾಡಿ ಘಾಟಿ ಇಳಿದು ಊರು ಸೇರಿದವನು ಅಲ್ಲಿನ ಮೆಕ್ಯಾನಿಕ್ ಒಬ್ಬರ ಪಂಪಿಗೆ ಅದನ್ನು ಜೋಡಿಸಿ ಫೋನ್ ಮಾಡಿದ: "ಮಾವ, ಮುಳ್ಳು ಮೂವತ್ತರ ಹತ್ತಿರ ಹೋಗಿ ನಿಂತಿದೆ!" ಅವನ ದನಿಯಲ್ಲಿದ್ದ ಸಂಭ್ರಮ ನನಗೆ ಪ್ಯಾಸ್ಕಲ್‌ರನ್ನು ನೆನಪಿಸಿತು. ಪಾದರಸದ ಕಂಬವನ್ನು ಗಾಳಿಯ ಭಾರವೇ ಎತ್ತಿ ಹಿಡಿದಿದೆ ಎಂದು ಇಟಲಿಯ ಟಾರಿಚೆಲ್ಲಿ ಹೇಳಿದ್ದರು. ಹಾಗಾದರೆ ಬೆಟ್ಟದ ಮೇಲೆ ಕಂಬ ಗಿಡ್ಡವಾಗಬೇಕಲ್ಲ ಎಂದು ಪ್ಯಾಸ್ಕಲ್ ತರ್ಕಿಸಿದರು. ಅವರಿಗಾಗಿ ಬೆಟ್ಟ ಹತ್ತಿದ್ದು ಅವರ ಅಕ್ಕನ ಗಂಡ ಫ್ಲೋರಿನ್ ಪೆರಿಯೆ. 1648ರ ಸೆಪ್ಟೆಂಬರ್ 19ರಂದು ಫ್ರಾನ್ಸಿನ ಪುಯ್ ದ ಡೋಮ್ ಶಿಖರದ ಮೇಲೆ ಕಂಬ ಮೂರು ಅಂಗುಲಕ್ಕೂ ತುಸು ಹೆಚ್ಚೇ ಇಳಿದಿತ್ತು. ಬುಡದ ಮಠದ ತೋಟದಲ್ಲಿ ಇನ್ನೊಂದು ಕೊಳವೆಯನ್ನು ನಿಲ್ಲಿಸಿ, ದಿನವಿಡೀ ಅದು ಕದಲದ್ದನ್ನು ನೋಡಿಕೊಳ್ಳಲು ಪಾದ್ರಿಯೊಬ್ಬರನ್ನು ಕೂರಿಸಿದ್ದರು. ಇಂಥ ಜಾಗರೂಕತೆಯೇ ಪ್ರಯೋಗದ ಜೀವ. ಪೆರಿಯೆ ಅಂದು ಏರಿದ ಎತ್ತರಕ್ಕೂ ಮಂಗಳೂರಿನಿಂದ ಬೆಂಗಳೂರಿಗೆ ನಾವು ಏರುವ ಎತ್ತರಕ್ಕೂ ಬಹಳ ಅಂತರವಿಲ್ಲ. ಅವರು ಬೆಟ್ಟದ ತುದಿಯಲ್ಲಿ ಒಂದು ದಿನ ಕಂಡದ್ದನ್ನು ಬೆಂಗಳೂರಿನ ಜನ ಪ್ರತಿದಿನ ಉಸಿರಾಡುತ್ತಿದ್ದೇವೆ. ಪ್ರತಿ ರಾತ್ರಿ ಘಾಟಿ ಇಳಿಯುವ ಬಸ್ಸುಗಳಲ್ಲಿ ಎಷ್ಟೋ ಜನ ಪ್ಯಾಸ್ಕಲ್‌ರ ಪ್ರಯೋಗವನ್ನು ಕಿವಿಯ ಗುಂಯ್ಗುಟ್ಟುವಿಕೆಯಲ್ಲಿ ಮಾಡುತ್ತಲೇ ಇದ್ದಾರೆ.

27 ಅಂಗುಲ ತಲುಪಿದ ಮೇಲೆ ಆ ಗೇಜಿಗೆ ಹೇಳಲು ಏನೂ ಉಳಿಯುವುದಿಲ್ಲ. ಒಂದು ಮಿಲಿಬಾರಿಗೂ ನೂರರಲ್ಲಿ ಒಂದು ಮಿಲಿಬಾರಿಗೂ ಅದರ ಮುಳ್ಳು ಭೇದ ಅರಿಯದು. ಪೀಣ್ಯದಲ್ಲಿ ನಿರ್ವಾತದೊಳಗೆ ಲೋಹದ ಲೇಪ ಹಚ್ಚುವ ಕಾರ್ಖಾನೆಯಲ್ಲಿ ಕೆಲಸ ಮಾಡುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಪಿರಾನಿ ಗೇಜನ್ನು ತಂದುಕೊಟ್ಟಳು. 1906ರಲ್ಲಿ ಮಾರ್ಚೆಲ್ಲೊ ಪಿರಾನಿ ರೂಪಿಸಿದ ಇದರೊಳಗೆ ಕರೆಂಟಿನಿಂದ ಬಿಸಿಯಾದ ತೆಳುವಾದ ತಂತಿ ಇದೆ. ಸುತ್ತಲಿನ ಗಾಳಿ ವಿರಳವಾದಷ್ಟೂ ತಂತಿಯ ಶಾಖವನ್ನು ಹೊತ್ತೊಯ್ಯುವ ಅಣುಗಳು ಕಡಿಮೆ. ಆ ಕೊರತೆಯಿಂದಲೇ ಒತ್ತಡ ತಿಳಿಯುತ್ತದೆ. ಸೋರಿಕೆ ಹುಡುಕುವುದನ್ನು ಹೇಳಿಕೊಟ್ಟವಳೂ ಅವಳೇ. "ಸರ್, ಮೊದಲು ವಾಲ್ವ್ ಮುಚ್ಚಿ ಸುಮ್ಮನೆ ನೋಡಿ" ಎಂದಳು. ಒತ್ತಡ ಒಂದೇ ಸಮ ಏರುತ್ತ ಹೋದರೆ ಎಲ್ಲೋ ತೂತಿದೆ. ಮೊದಲು ಬೇಗ ಏರಿ ಆಮೇಲೆ ನಿಧಾನವಾದರೆ ತೂತಿಲ್ಲ, ಪಾತ್ರೆಯ ಗೋಡೆಗೆ ಅಂಟಿದ ತೇವ ಬಿಡುತ್ತಿದೆ. ತೂತಿದ್ದರೆ ಕಿಟಕಿ ತೆರೆದಿಟ್ಟು, ಮೋಟಾರಿನಿಂದ ದೂರದಲ್ಲಿ, ಒಂದೊಂದೇ ಕೀಲಿಗೆ ಕುಂಚದಿಂದ ಸ್ಪಿರಿಟ್ ಸವರಬೇಕು. ಸೋರುವ ಜಾಗ ತಾಗಿದ ಕೂಡಲೇ ಗೇಜಿನ ಅಂಕಿ ಜಿಗಿಯುತ್ತದೆ. ನಾನು ಕಲಿಸಿದ ಹುಡುಗಿಯಿಂದ ನಾನು ಕಲಿತ ಆ ಮಧ್ಯಾಹ್ನ ಮೇಷ್ಟರ ಬದುಕಿನ ದೊಡ್ಡ ಸಂಪಾದನೆಗಳಲ್ಲಿ ಒಂದು. ಸೋರಿಕೆ ಸಿಕ್ಕಿದ್ದು ಹಿತ್ತಾಳೆಯ ನಿಪ್ಪಲ್ಲಿನ ಬುಡದಲ್ಲಿ. ಟೆಫ್ಲಾನ್ ಟೇಪು ಬಿಚ್ಚಿ ಮತ್ತೆ ಬಿಗಿಯಾಗಿ ಸುತ್ತಿದಾಗ ನಿಂತಿತು.

ಪಂಪು ಆಳಕ್ಕೆ ಇಳಿದಾಗ ಅದರ ಸದ್ದೇ ಬೇರೆ. ಮೊದಲಿನ ಗುಳುಗುಳು ನಿಂತು, ಹಿಂಡಲು ಗಾಳಿಯೇ ಸಿಗದೆ ಎಣ್ಣೆ ಕವಾಟಕ್ಕೆ ಬಡಿಯುವ ಟಕಟಕ ಶುರುವಾಗುತ್ತದೆ. ನಿಲ್ಲಿಸುವಾಗ ಮೊದಲು ಪಾತ್ರೆಯ ವಾಲ್ವ್ ಮುಚ್ಚಿ, ಪಂಪಿನ ಬಾಯಿಗೆ ಗಾಳಿ ಬಿಡಬೇಕು. ಮರೆತರೆ ಹೊರಗಿನ ಗಾಳಿ ಎಣ್ಣೆಯನ್ನು ಕೊಳವೆಯ ಮೂಲಕ ಪಾತ್ರೆಗೇ ತಳ್ಳಬಹುದು.

ಮಕ್ಕಳು ಸೇರಿದ ಭಾನುವಾರ ಮೊದಲು ಇಟ್ಟದ್ದು ಸಡಿಲವಾಗಿ ಕಟ್ಟಿದ ಬಲೂನು. ಯಾರೂ ಊದದೆ ಅದು ಉಬ್ಬಿ ಕುಕ್ಕರಿನ ಗೋಡೆ ಮುಟ್ಟಿತು. ಆಮೇಲೆ ಚಿಕ್ಕ ಬಟ್ಟಲಲ್ಲಿ ಹುದುಗು ಬಂದ ಇಡ್ಲಿ ಹಿಟ್ಟು. ಹಿಟ್ಟಿನೊಳಗಿನ ಗುಳ್ಳೆಗಳೆಲ್ಲ ಹಿಗ್ಗಿ ಅದು ಬಟ್ಟಲು ಮೀರಿ ಎದ್ದಿತು, ಗಾಳಿ ಬಿಟ್ಟ ಕೂಡಲೇ ಕುಸಿಯಿತು. "ಅಜ್ಜಿ ರಾತ್ರಿಯೆಲ್ಲ ಕಾಯ್ತಾರೆ, ಇದು ಒಂದು ನಿಮಿಷಕ್ಕೇ ಆಯ್ತಲ್ಲ ತಾತ" ಎಂದಳು ಮೊಮ್ಮಗಳು. ಅಜ್ಜಿ ಕಾಯುವುದು ಹಿಟ್ಟಿನಲ್ಲಿ ಗಾಳಿ ಹುಟ್ಟಲಿ ಎಂದು. ಪಂಪು ಹೊಸ ಗಾಳಿ ಹುಟ್ಟಿಸಲಿಲ್ಲ, ಇದ್ದದ್ದರ ಮೇಲಿನ ಒತ್ತಡ ತೆಗೆಯಿತು ಎಂದು ವಿವರಿಸಿದೆ. ಕೀಲಿ ಕೊಡುವ ಅಲಾರಾಂ ಗಡಿಯಾರವನ್ನು ದಪ್ಪ ಸ್ಪಂಜಿನ ಮೇಲೆ ಕೂರಿಸಿದಾಗ ಅದರ ಸದ್ದು ಕ್ಷೀಣಿಸುತ್ತ ಹೋಗಿ, ಸುತ್ತಿಗೆ ಬಡಿಯುವುದು ಮಾತ್ರ ಕಾಣುತ್ತಿತ್ತು. ಸ್ಪಂಜು ತೆಗೆದರೆ ಸದ್ದು ಲೋಹದ ತಳದ ಮೂಲಕ ದಾರಿ ಹುಡುಕಿಕೊಂಡು ಹೊರಬರುತ್ತದೆ. ಅದನ್ನೂ ಮಾಡಿ ತೋರಿಸಿದೆ.

ಎಲ್ಲಕ್ಕೂ ಮಿಗಿಲಾದದ್ದು ನೀರು. ಅಗಲವಾದ ತಟ್ಟೆಯಲ್ಲಿ ತೆಳುವಾಗಿ ನೀರು, ಪಕ್ಕದಲ್ಲಿ ತೇವ ಹೀರಲು ಒಣಗಿಸಿದ ಸಿಲಿಕಾ ಜೆಲ್, ಬ್ಯಾಲಸ್ಟ್ ತೆರೆದ ಪಂಪು. ಒತ್ತಡ 32 ಮಿಲಿಬಾರಿಗೆ ಇಳಿದಾಗ 25 ಡಿಗ್ರಿಯ ನೀರು ಕೊತಕೊತ ಕುದಿಯಿತು. ಒಲೆ ಇಲ್ಲ, ಬಿಸಿ ಇಲ್ಲ. ಕುದಿಯಲು ಬೇಕಾದ ಶಾಖವನ್ನು ಅದು ಬೇರೆಲ್ಲಿಂದ ತರಬೇಕು? ತನ್ನ ಮೈಯಿಂದಲೇ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2,500 ಜೂಲ್ ಬೇಕು. ಒಂದು ಗ್ರಾಂ ನೀರು ಮಂಜುಗಡ್ಡೆಯಾಗಲು ಬಿಟ್ಟುಕೊಡಬೇಕಾದದ್ದು 334 ಜೂಲ್ ಮಾತ್ರ. ಲೆಕ್ಕ ಹಾಕಿದರೆ ಏಳರಲ್ಲಿ ಒಂದು ಪಾಲು ಆವಿಯಾಗಿ ಹೋದರೆ ಉಳಿದ ಆರು ಪಾಲು ಗಡ್ಡೆ ಕಟ್ಟಬಹುದು. ಕುದಿತ ನಿಧಾನವಾಯಿತು, ಗೇಜು ಆರು ಮಿಲಿಬಾರಿನ ಸಮೀಪಕ್ಕೆ ಬಂತು, ಗುಳ್ಳೆಯೊಂದು ಏಳುತ್ತಿದ್ದ ಹಾಗೇ ನೀರಿನ ಮೇಲೆ ಬಿಳಿಯ ಪೊರೆ ಓಡಿತು. 1810ರಲ್ಲಿ ಸ್ಕಾಟ್ಲೆಂಡಿನ ಜಾನ್ ಲೆಸ್ಲಿ ಆವಿ ಹೀರಲು ಗಂಧಕಾಮ್ಲವಿಟ್ಟು ಇದನ್ನೇ ಮಾಡಿದ್ದರು. ಕುದಿಯುವ ನೀರು ಹೆಪ್ಪುಗಟ್ಟಿದ್ದನ್ನು ಕಂಡ ಮಕ್ಕಳು ಕೂಗಲಿಲ್ಲ, ಪ್ರಶ್ನೆ ಕೇಳತೊಡಗಿದರು. ಹಾಗಾದರೆ ಚಂದ್ರನ ಮೇಲೆ ನೀರು ಚೆಲ್ಲಿದರೆ ಏನಾಗುತ್ತದೆ? ಉಪಗ್ರಹ ಅಲ್ಲಿ ಹೇಗೆ ಬಾಳುತ್ತದೆ? ಇದೇ ಬೆಂಗಳೂರಿನಲ್ಲಿ ಇಸ್ರೋದವರು ಉಪಗ್ರಹಗಳನ್ನು ಹಾರಿಸುವ ಮೊದಲು ದೊಡ್ಡ ನಿರ್ವಾತ ಕೋಣೆಯಲ್ಲಿಟ್ಟು ಕಾಯಿಸಿ, ತಣಿಸಿ ಪರೀಕ್ಷಿಸುತ್ತಾರೆ ಎಂದಾಗ, ತಮ್ಮ ಮುಂದಿದ್ದ ಕುಕ್ಕರನ್ನು ಅವರು ಬೇರೆ ಕಣ್ಣಿನಿಂದ ನೋಡಿದರು.

ಗಾಳಿಯ ಭಾರವನ್ನು ನಾವು ಹುಟ್ಟಿನಿಂದ ಹೊತ್ತಿದ್ದೇವೆ. ಸುತ್ತಲೂ ಒಂದೇ ಸಮ ಇರುವುದರಿಂದ ಅದು ತಿಳಿಯುವುದಿಲ್ಲ. ಒಂದು ಕುಕ್ಕರಿನಷ್ಟು ಜಾಗದಲ್ಲಿ ಅದನ್ನು ತೆಗೆದಾಗ, ಉಳಿದ ಕಡೆಯೆಲ್ಲ ಅದು ಏನು ಮಾಡುತ್ತಿದೆ ಎಂಬುದು ಗೊತ್ತಾಗುತ್ತದೆ: ಮುಚ್ಚಳ ಒತ್ತುವುದು, ಬಲೂನನ್ನು ಅದುಮಿಡುವುದು, ಸದ್ದನ್ನು ಕಿವಿಗೆ ತರುವುದು, ಕೆರೆಯ ನೀರು ಕುದಿದುಹೋಗದಂತೆ ಕಾಯುವುದು. ಪಂಪು ಇವುಗಳಲ್ಲಿ ಯಾವುದನ್ನೂ ಮಾಡದು. ಅದು ಜಾಗ ಮಾಡಿಕೊಡುತ್ತದೆ, ಉಳಿದದ್ದನ್ನು ಗಾಳಿಯೇ ಹೇಳುತ್ತದೆ.

ಆದ್ದರಿಂದ ನನ್ನದೊಂದು ಕೋರಿಕೆ ಇದೆ. ಏಸಿ ಅಂಗಡಿಗಳು, ಕಾರ್ಖಾನೆಗಳು, ಕಾಲೇಜುಗಳು ಬದಲಾಯಿಸಿ ಬದಿಗಿಟ್ಟ ಪಂಪುಗಳು ನಮ್ಮ ಊರುಗಳಲ್ಲಿ ಬೇಕಾದಷ್ಟಿವೆ. ಹೊಸ ಎಣ್ಣೆ, ಒಂದು ಬೆಲ್ಟು, ಒಂದು ಸೀಲು ಹಾಕಿದರೆ ಅವುಗಳಲ್ಲಿ ಎಷ್ಟೋ ಎದ್ದು ಓಡಬಲ್ಲವು. ಅಂಥದ್ದೊಂದು ಪ್ರತಿ ಪ್ರೌಢಶಾಲೆಯಲ್ಲಿ ಇರಲಿ. ಊರಿನ ಮೆಕ್ಯಾನಿಕ್ಕೂ ವಿಜ್ಞಾನದ ಮೇಷ್ಟರೂ ಸೇರಿ ಅದನ್ನು ಕಟ್ಟಲಿ, ಎಂಟನೆಯ ತರಗತಿಯ ಮಕ್ಕಳು ಎಣ್ಣೆ ಬದಲಾಯಿಸುವುದರಿಂದ ಹಿಡಿದು ಸೋರಿಕೆ ಹುಡುಕುವವರೆಗೆ ಕೈಹಾಕಲಿ. ಮುಳ್ಳು ತಮ್ಮೂರಿನಲ್ಲಿ ಎಲ್ಲಿಗೆ ನಿಲ್ಲುತ್ತದೆ ಎಂದು ಬರೆದಿಡಲಿ. ಕಾರವಾರದವರೂ ಮಡಿಕೇರಿಯವರೂ ಬೀದರಿನವರೂ ತಮ್ಮ ತಮ್ಮ ಅಂಕಿಗಳನ್ನು ಒಬ್ಬರಿಗೊಬ್ಬರು ಕಳಿಸಿಕೊಂಡರೆ, ಕರ್ನಾಟಕದ ಏರುತಗ್ಗುಗಳ ನಕ್ಷೆಯನ್ನು ಮಕ್ಕಳೇ ಗಾಳಿಯಿಂದ ಬರೆದಂತಾಗುತ್ತದೆ. ನನ್ನ ಪಂಪು ಆ ಕೆಲಸಕ್ಕೆ ಸಿದ್ಧವಿದೆ. ಕೇಳಿದ ಶಾಲೆಗೆ ಅದನ್ನು ಹೊತ್ತು ತರಲು ನಾನೂ ಸಿದ್ಧನಿದ್ದೇನೆ.